ಸ್ಪ್ಯಾನಿಷ್ ರೇಡಿಯೊ ಕೇಳಬೇಕು, ಯಾವ ಸ್ಟೇಷನ್ ಹಾಕಲಿ?

ಈ ಪ್ರಶ್ನೆ ಕೇಳುವವರು ಮೂರು ತರಹದವರು. ಸ್ಪ್ಯಾನಿಷ್ ಕಲಿಯುತ್ತಿರುವವರಿಗೆ ಕಿವಿ ಪಳಗಬೇಕು. ಬೆಂಗಳೂರಿನಲ್ಲಿ ಸಾಲ್ಸಾ, ಬಚಾತಾ ಕ್ಲಾಸಿಗೆ ಹೋಗುವವರಿಗೆ ಕ್ಲಾಸಿನಲ್ಲಿ ಹಾಕಿದ್ದೇ ಹಾಕುವ ಹಾಡು ಕೇಳಿ ಸಾಕಾಗಿದೆ, ಬೇರೆ ಬೇಕು. ಮೂರನೆಯವರು ಅಮೆರಿಕದಲ್ಲಿರುವ ನಮ್ಮವರು. ಟೆಕ್ಸಸ್‌ನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕಾರಿನ ರೇಡಿಯೊ ಹಚ್ಚಿದರೆ ಒಂದರ ಹಿಂದೆ ಒಂದು ಸ್ಪ್ಯಾನಿಷ್ ಸ್ಟೇಷನ್ ಸಿಗುತ್ತದೆ, ಒಂದರಲ್ಲಿ ತುತ್ತೂರಿ, ಇನ್ನೊಂದರಲ್ಲಿ ಅಕಾರ್ಡಿಯನ್, ಮತ್ತೊಂದರಲ್ಲಿ ಇಬ್ಬರು ಕೂತು ಗಟ್ಟಿಯಾಗಿ ನಗುತ್ತಿರುತ್ತಾರೆ, ಯಾವುದು ಏನು ಅಂತ ತಲೆಬುಡ ಗೊತ್ತಾಗುವುದಿಲ್ಲ.

ಮೂವರಿಗೂ ಒಂದೇ ಉತ್ತರ ಕೊಡೋಕೆ ಆಗಲ್ಲ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಜೊತೆಗೆ ಪೋರ್ಟೊ ರಿಕೊ. ಮ್ಯಾಡ್ರಿಡ್‌ನ ಪಾಪ್ ಸ್ಟೇಷನ್ನಿಗೂ ಮೆಕ್ಸಿಕೊದ ಬಾಂದಾ ಸ್ಟೇಷನ್ನಿಗೂ ಭಾಷೆ ಒಂದೇ, ಸಂಗೀತದಲ್ಲಿ ನೆಂಟಸ್ತಿಕೆಯೇ ಇಲ್ಲ. ಹಾಗಾಗಿ "ಒಳ್ಳೇ ಸ್ಪ್ಯಾನಿಷ್ ಸ್ಟೇಷನ್" ಅಂತ ಹುಡುಕಿದರೆ ಸಿಗುವ ಪಟ್ಟಿಗಳಿಂದ ಅಷ್ಟೇನೂ ಉಪಯೋಗವಿಲ್ಲ. ನಿಮಗೆ ಯಾವ ಸೀಮೆಯ ಹಾಡು ಬೇಕು, ನಡುವೆ ಮಾತು ಎಷ್ಟು ಬೇಕು ಅನ್ನೋದು ಮೊದಲು ತೀರ್ಮಾನವಾಗಲಿ. ಸ್ಟೇಷನ್ ಆಮೇಲೆ ತಾನಾಗಿ ಸಿಗುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಮೊದಲನೆಯದು, ಹಾಡು ಎಷ್ಟು, ಮಾತು ಎಷ್ಟು. ಸ್ಪ್ಯಾನಿಷ್ ಖಾಸಗಿ ಸ್ಟೇಷನ್‌ಗಳಲ್ಲಿ ಬೆಳಗಿನ ಹೊತ್ತು ಹಾಡು ಕಡಿಮೆ. ಮೂರ್ನಾಲ್ಕು ಜನ ಕೂತು ಹರಟೆ ಹೊಡೆಯುತ್ತಾರೆ, ಕೇಳುಗರಿಗೆ ಫೋನ್ ಮಾಡಿ ಬಕ್ರಾ ಮಾಡುತ್ತಾರೆ, ಮಧ್ಯೆ ಒಂದೆರಡು ಹಾಡು. ಅಲ್ಲಿನ ಬೆಳಗಿನ ಹೊತ್ತಿಗೆ ನೀವು ಮೊದಲ ಸಲ ಹಾಕಿದರೆ ಇದು ಹಾಡಿನ ಸ್ಟೇಷನ್ನೇ ಅಲ್ಲ ಅಂದುಕೊಂಡು ಮುಚ್ಚಿಬಿಡುತ್ತೀರಿ. ಅದೇ ಸ್ಟೇಷನ್ ಮಧ್ಯಾಹ್ನ ಹಾಕಿ ನೋಡಿ.

ಎರಡನೆಯದು, ಹಾಡು ಎಷ್ಟು ಸಲ ತಿರುಗಿ ಬರುತ್ತದೆ. ಹಿಟ್ ಸ್ಟೇಷನ್‌ಗಳು ಒಂದು ಚಿಕ್ಕ ಪಟ್ಟಿ ಇಟ್ಟುಕೊಂಡು ಅದನ್ನೇ ದಿನವಿಡೀ ಸುತ್ತಿಸುತ್ತವೆ. ಸಂಗೀತದ ಹುಚ್ಚು ಇರುವವರಿಗೆ ಇದು ಶಿಕ್ಷೆ. ಭಾಷೆ ಕಲಿಯುವವರಿಗೆ ಇದೇ ವರ. ಒಂದೇ ಹಾಡು ವಾರಪೂರ್ತಿ ಕಿವಿಗೆ ಬಿದ್ದರೆ ಸೋಮವಾರ ಬರೀ ಸದ್ದಾಗಿದ್ದದ್ದು ಶನಿವಾರದ ಹೊತ್ತಿಗೆ ಪದ ಪದವಾಗಿ ಬಿಡಿಸಿಕೊಳ್ಳುತ್ತದೆ.

ಮೂರನೆಯದು ಉಚ್ಚಾರ. ಕೆರಿಬಿಯನ್ ಕಡೆಯವರು ಪದದ ಕೊನೆಯ ಸಕಾರವನ್ನು ನುಂಗುತ್ತಾರೆ, ಮಾತೂ ಓಟ. ಬ್ಯೂನಸ್ ಐರಿಸ್‌ನವರು ನಾವು ಪಾಠದಲ್ಲಿ ಯಕಾರ ಕಲಿತ ಕಡೆ ಶಕಾರ ಹಾಕುತ್ತಾರೆ. ಬೊಗೊಟಾ, ಮೆಕ್ಸಿಕೊ ನಗರದ ಮಾತು ಹೊಸಬರಿಗೆ ಸ್ವಲ್ಪ ಸಲೀಸು. ಬರೀ ಹಾಡು ಬೇಕಾದವರು ಈ ಅಂಶವನ್ನು ಬಿಟ್ಟುಬಿಡಬಹುದು.

ಜಾಹೀರಾತು ನಾಲ್ಕನೆಯದು. ಸರ್ಕಾರಿ, ವಿಶ್ವವಿದ್ಯಾಲಯದ ಸ್ಟೇಷನ್‌ಗಳಲ್ಲಿ ಇಲ್ಲ ಅನ್ನುವಷ್ಟು ಕಡಿಮೆ, ಖಾಸಗಿಯಲ್ಲಿ ದಂಡಿ.

ಆಮೇಲೆ ಗಂಟೆ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಭಾರತದಲ್ಲಿ ಕೂತು ಕೇಳುವವರಿಗೆ ಇದೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಲೆಕ್ಕ. ನಮಗೆ ಬೆಳಿಗ್ಗೆ ಏಳು ಗಂಟೆ ಅಂದರೆ ಬೊಗೊಟಾದಲ್ಲಿ ಹಿಂದಿನ ರಾತ್ರಿ ಎಂಟೂವರೆ, ಮೆಕ್ಸಿಕೊ ನಗರದಲ್ಲಿ ಏಳೂವರೆ, ಬ್ಯೂನಸ್ ಐರಿಸ್‌ನಲ್ಲಿ ಹತ್ತೂವರೆ. ಅಂದರೆ ನಮ್ಮ ಬೆಳಗಿನ ಕಾಫಿಗೆ ಲ್ಯಾಟಿನ್ ಅಮೆರಿಕದ ರಾತ್ರಿಯ ಹಾಡು, ಹರಟೆ ಕಡಿಮೆ, ಒಳ್ಳೇ ಹೊತ್ತು. ಮ್ಯಾಡ್ರಿಡ್‌ನಲ್ಲಿ ಆಗ ಬೆಳಗಿನ ಜಾವ, ಹೆಚ್ಚಿನ ಕಡೆ ನಿರೂಪಕರೇ ಇರುವುದಿಲ್ಲ, ಕಂಪ್ಯೂಟರ್ ಹಾಡು ಹಾಕುತ್ತಿರುತ್ತದೆ. ನಮ್ಮ ಸಂಜೆ ಎಂಟಕ್ಕೆ ಮ್ಯಾಡ್ರಿಡ್‌ನಲ್ಲಿ ಮಧ್ಯಾಹ್ನ ಮೂರೂವರೆ ಅಥವಾ ನಾಲ್ಕೂವರೆ, ಚಳಿಗಾಲವೋ ಬೇಸಿಗೆಯೋ ಅನ್ನೋದರ ಮೇಲೆ. ಆದ್ದರಿಂದ ಸರಳ ನಿಯಮ: ಬೆಳಿಗ್ಗೆ ಕೇಳುವವರು ಅಮೆರಿಕ ಖಂಡದ ಕಡೆ, ಸಂಜೆ ಕೇಳುವವರು ಸ್ಪೇನ್ ಕಡೆ.

ಕೊನೆಯದು, ಸ್ಟೇಷನ್ ನಮ್ಮಲ್ಲಿ ತೆರೆಯುತ್ತದಾ ಇಲ್ವಾ. ಸ್ಪೇನ್, ಅರ್ಜೆಂಟೀನಾ, ಕೊಲಂಬಿಯಾದ ಸ್ಟೇಷನ್‌ಗಳು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅಮೆರಿಕದ ದೊಡ್ಡ ಖಾಸಗಿ ಜಾಲಗಳ ಕೆಲವು ಸ್ಟೇಷನ್‌ಗಳು ಹಕ್ಕಿನ ಕಾರಣಕ್ಕೆ ದೇಶದ ಹೊರಗೆ ತೆರೆಯುವುದಿಲ್ಲ.

ಸ್ಪೇನ್: ನಲವತ್ತರ ಸುತ್ತು ಮತ್ತು ಅದರ ಎದುರಾಳಿಗಳು

ಎಲ್ಲರೂ ಮೊದಲು ಹೇಳುವ ಹೆಸರು ಲೋಸ್ ಕ್ವರೆಂತಾ, ಅಂದರೆ ನಲವತ್ತು. 1966ರಲ್ಲಿ ಮ್ಯಾಡ್ರಿಡ್‌ನಲ್ಲಿ ಒಂದು ಕಾರ್ಯಕ್ರಮವಾಗಿ ಶುರುವಾಗಿ, 1979ರಲ್ಲಿ ಪೂರ್ತಿ ಸ್ಟೇಷನ್ ಆಗಿ, ಈಗ ಮೆಕ್ಸಿಕೊ, ಕೊಲಂಬಿಯಾ, ಚಿಲಿ ಅಂತ ಹಲವು ದೇಶಗಳಿಗೆ ಹಬ್ಬಿದೆ. ಈ ವಾರದ ಹಿಟ್ ಯಾವುದು ಅಂತ ತಿಳಿಯಬೇಕಾದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಒಂದು ತೊಡಕಿದೆ. ಇಂಗ್ಲಿಷ್ ಹಾಡೂ ಧಾರಾಳವಾಗಿ ಬರುತ್ತದೆ. ಸ್ಪ್ಯಾನಿಷ್ ಕೇಳೋಣ ಅಂತ ಹಾಕಿದವರಿಗೆ ಒಂದರ ಹಿಂದೆ ಒಂದು ಇಂಗ್ಲಿಷ್ ಹಾಡು ಬಂದರೆ ಏನು ಮಾಡೋದು? ನಿರೂಪಕರ ಮಾತಂತೂ ಬಿರುಗಾಳಿ. ಹದಿಹರೆಯದವರಿಗೆ, ಜಿಮ್ಮಿಗೆ, ಅಡ್ಡಿಯಿಲ್ಲ.

ಅದೇ ಮಾಲೀಕರದ್ದೇ ಇನ್ನೊಂದು ಸ್ಟೇಷನ್ ಕದೇನಾ ದಿಯಾಲ್. ಇದರ ಇಡೀ ಗುರುತೇ ಸ್ಪ್ಯಾನಿಷ್ ಹಾಡು. ಪ್ರೇಮಗೀತೆ, ಪಾಪ್, ನಡುನಡುವೆ ಲ್ಯಾಟಿನ್ ಅಮೆರಿಕದ ಗಾಯಕರು. ಸಂಗೀತದಲ್ಲಿ ಸಾಹಸ ಏನೂ ಇಲ್ಲ, ಮದುವೆ ಮನೆಯಲ್ಲಿ ಹಾಕಿದರೆ ಯಾರೂ ಬೇಡ ಅನ್ನದಂಥ ಹಾಡುಗಳು. ಆದರೆ ಕಲಿಯುವವರಿಗೆ ನಾನು ಕಣ್ಣು ಮುಚ್ಚಿಕೊಂಡು ಹೇಳುವುದು ಇದನ್ನೇ. ಹಾಡುಗಾರರ ಉಚ್ಚಾರ ಸ್ಪಷ್ಟ, ವಾದ್ಯಗಳು ದನಿಯನ್ನು ಮುಳುಗಿಸುವುದಿಲ್ಲ, ಸಾಲುಗಳು ಪ್ರೀತಿ, ವಿರಹ, ಕ್ಷಮೆ ಇಷ್ಟರಲ್ಲೇ ಸುತ್ತುವುದರಿಂದ ಪದಗಳೂ ಮತ್ತೆ ಮತ್ತೆ ಸಿಗುತ್ತವೆ. ಕದೇನಾ ಸಿಯೆನ್ ಅನ್ನೋದು ಇದರ ಎದುರಾಳಿ, ಬೇರೆ ಗುಂಪಿನದ್ದು, ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಬೆರೆಸುತ್ತದೆ. ದಿಯಾಲ್ ಇರುವಾಗ ನನಗೆ ಅದರ ಅಗತ್ಯ ಕಂಡಿಲ್ಲ.

ಇನ್ನು ಸ್ಪೇನ್‌ನ ಸರ್ಕಾರಿ ಆಕಾಶವಾಣಿಯ ರೇಡಿಯೊ ತ್ರೆಸ್, ಅಂದರೆ ಮೂರನೇ ಚಾನೆಲ್. ಇಲ್ಲಿ ಆಟವೇ ಬೇರೆ. 1979ರಿಂದ ನಡೆಯುತ್ತಿದೆ, ಜಾಹೀರಾತು ಇಲ್ಲ, ಹಿಟ್ ಪಟ್ಟಿ ಇಲ್ಲ. ಗಂಟೆಗೊಂದು ಕಾರ್ಯಕ್ರಮ, ಪ್ರತಿಯೊಂದಕ್ಕೂ ಅದರದ್ದೇ ನಿರೂಪಕರು, ಅವರಿಗೆ ಇಷ್ಟವಾದದ್ದು ಅವರು ಹಾಕುತ್ತಾರೆ. ಒಂದು ಗಂಟೆ ಹೊಸ ರಾಕ್ ಬ್ಯಾಂಡುಗಳು, ಮುಂದಿನ ಗಂಟೆ ಹಳ್ಳಿಗಾಡಿನ ಜನಪದ, ಆಮೇಲೆ ಎಲೆಕ್ಟ್ರಾನಿಕ್, ವಾರಕ್ಕೊಮ್ಮೆ ಫ್ಲಮೆಂಕೊ. ಹಾಡಿನ ಹಿನ್ನೆಲೆ ಹೇಳುವ ನಿರೂಪಕರು ಅಪರೂಪ ಆಗಿಬಿಟ್ಟಿದ್ದಾರೆ, ಇಲ್ಲಿ ಇನ್ನೂ ಉಳಿದಿದ್ದಾರೆ. ಹೊತ್ತಿನ ತಲೆನೋವೂ ಇಲ್ಲ, ಕಾರ್ಯಕ್ರಮಗಳೆಲ್ಲ ಅವರ ಆ್ಯಪ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಬೇಕಾದಾಗ ಕೇಳಬಹುದು. ಕಷ್ಟ ಎಲ್ಲಿ ಅಂದರೆ, ಸುಮ್ನೆ ಹಿನ್ನೆಲೆಯಲ್ಲಿ ಓಡುತ್ತಿರಲಿ ಅಂತ ಬಿಟ್ಟರೆ ಇದು ಹೊಂದುವುದಿಲ್ಲ. ಈಗ ತಾನೇ ಮೆತ್ತಗೆ ಗಿಟಾರ್ ಕೇಳುತ್ತಿದ್ದವರ ಕಿವಿಗೆ ಮರುಕ್ಷಣ ಪಂಕ್ ಬಂದು ಅಪ್ಪಳಿಸಬಹುದು. ಹಾಡು ಇಂಗ್ಲಿಷೋ ಫ್ರೆಂಚೋ ಆಗಿರಲೂಬಹುದು. ಮಾತು ಮಾತ್ರ ಪೂರ್ತಿ ಸ್ಪ್ಯಾನಿಷ್.

ಫ್ಲಮೆಂಕೊ ಬೇಕು ಅನ್ನುವವರಿಗೆ ಎರಡು ದಾರಿ. ಒಂದು ರೇಡಿಯೊ ಓಲೆ. ರುಂಬಾ, ಸೆವಿಯಾನಾಸ್, ಕೋಪ್ಲಾ, ಫ್ಲಮೆಂಕೊ ಬೆರೆತ ಪಾಪ್, ಚಪ್ಪಾಳೆ ತಾಳದಲ್ಲಿ ಖುಷಿಖುಷಿಯಾಗಿ ಹೋಗುತ್ತದೆ. ಇನ್ನೊಂದು ಆಂಡಲೂಸಿಯಾ ಪ್ರಾಂತ್ಯದ ಸರ್ಕಾರಿ ಪ್ರಸಾರದವರು ಇಂಟರ್ನೆಟ್‌ನಲ್ಲಿ ನಡೆಸುವ ಫ್ಲಮೆಂಕೊ ರೇಡಿಯೊ. ಇಲ್ಲಿ ಹಾಡುಗಾರ ಒಂದೇ ಸ್ವರವನ್ನು ಎಳೆದು, ಹಿಂಡಿ, ಗಂಟಲು ಬಿರಿಯುವಂತೆ ಹಾಡುತ್ತಾನೆ, ಹಿಂದೆ ಒಂದೇ ಒಂದು ಗಿಟಾರ್. ಆಲಾಪ ಕೇಳಿ ಬೆಳೆದ ಕಿವಿಗೆ ಇದು ಅಷ್ಟೇನೂ ಅಪರಿಚಿತ ಅನ್ನಿಸುವುದಿಲ್ಲ. ಆದರೆ ಕುಣಿಯೋಕೆ, ಕಾರಿಗೆ ಬೇಕು ಅಂತಿದ್ದರೆ ಓಲೆಯೇ ಸರಿ.

ಮೆಕ್ಸಿಕೊ: ತುತ್ತೂರಿ ಯಾರದ್ದು, ಅಕಾರ್ಡಿಯನ್ ಯಾರದ್ದು

ಅಮೆರಿಕದಲ್ಲಿರುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಿಮ್ಮ ಕಾರಿನಲ್ಲಿ ಸಿಗುವ ಸ್ಪ್ಯಾನಿಷ್ ಸ್ಟೇಷನ್‌ಗಳಲ್ಲಿ ಬಹುಪಾಲು ಈ ಸಂಗೀತದ್ದೇ.

ಅಲ್ಲಿ ಇದಕ್ಕೆಲ್ಲ ಒಟ್ಟಾಗಿ ರೆಹಿಯೊನಾಲ್ ಮೆಹಿಕಾನೊ ಅನ್ನುತ್ತಾರೆ, ಆದರೆ ಒಳಗೆ ಹಲವು ಬಗೆ ಇದೆ. ತುತ್ತೂರಿ, ಕ್ಲಾರಿನೆಟ್, ಹೊಟ್ಟೆಯಲ್ಲಿ ನಡುಕ ಹುಟ್ಟಿಸುವ ದೊಡ್ಡ ತೂಬಾ ಎಲ್ಲ ಸೇರಿ ಬ್ಯಾಂಡ್‌ಸೆಟ್ ತರಹ ಕೇಳಿದರೆ ಅದು ಬಾಂದಾ, ಸಿನಲೋವಾ ರಾಜ್ಯದ್ದು. ಅಕಾರ್ಡಿಯನ್ ಮತ್ತು ಹನ್ನೆರಡು ತಂತಿಯ ದಪ್ಪ ಗಿಟಾರ್ ಇದ್ದರೆ ನೊರ್ತೆನ್ಯೊ, ಉತ್ತರ ಗಡಿಯದ್ದು. ಅದರ ಲಯ ಪೋಲ್ಕಾ. 19ನೇ ಶತಮಾನದಲ್ಲಿ ಟೆಕ್ಸಸ್ ಮತ್ತು ಗಡಿ ಸೀಮೆಗೆ ಬಂದ ಜರ್ಮನ್, ಚೆಕ್ ವಲಸೆಗಾರರ ಅಕಾರ್ಡಿಯನ್ ಅಲ್ಲಿಯವರ ಕೈಗೆ ಬಂದು ಹೀಗಾಯಿತು. ಪಿಟೀಲುಗಳ ಸಾಲು, ತುತ್ತೂರಿ, ಎತ್ತರದ ದನಿ ಕೇಳಿದರೆ ಮರಿಯಾಚಿ. ಕಥೆ ಹೇಳುವ ಲಾವಣಿಯಂಥ ಹಾಡು ಕೊರಿದೊ. ಇಷ್ಟು ಗೊತ್ತಿದ್ದರೆ ಡಯಲ್ ತಿರುಗಿಸುವಾಗ ಎಲ್ಲಿದ್ದೀರಿ ಅಂತ ಅಂದಾಜು ಸಿಗುತ್ತದೆ.

ಮೆಕ್ಸಿಕೊ ನಗರದಿಂದಲೇ ಕೇಳುವುದಾದರೆ ಬಾಂದಾ, ನೊರ್ತೆನ್ಯೊಗೆ ಲಾ ಕೆ ಬುಯೆನಾ, ಎಫ್‌ಎಂ 92.9. ಹಾಡಿನ ಮೇಲೆಯೇ ಸ್ಟೇಷನ್ ಹೆಸರನ್ನು ಗುಡುಗಿದಂತೆ ಕೂಗುವ ಚಾಳಿ ಲ್ಯಾಟಿನ್ ಅಮೆರಿಕದ ಇಂಥ ಸ್ಟೇಷನ್‌ಗಳಲ್ಲಿ ಜಾಸ್ತಿ. ಗಾಯಕ ಅಳುತ್ತಿರುವಾಗಲೂ ಬಿಡುವುದಿಲ್ಲ. ರಾಕ್ ಮತ್ತು ಹೊಸ ಪ್ರಯೋಗಗಳಿಗೆ ಸರ್ಕಾರಿ ರೆಯಾಕ್ತೋರ್, 105.7. ಮಾತಿನ ಉಚ್ಚಾರ ಚೆನ್ನಾಗಿದೆ, ಹಾಡಿನ ಆಯ್ಕೆ ಧೈರ್ಯದ್ದು, ಕಾಲೇಜಿನವರಿಗೆ ಹಿಡಿಸುತ್ತದೆ.

ಇನ್ನೊಂದು ಎಚ್ಚರಿಕೆ. ಹಳೆಯ ಬೊಲೆರೊ, ಅಂದರೆ ನಿಧಾನದ ಪ್ರೇಮಗೀತೆಗಳ ಬಗ್ಗೆ ಓದಿದವರಿಗೆ 1930ರಲ್ಲಿ ಶುರುವಾದ ಎಕ್ಸ್ಇಡಬ್ಲ್ಯು ಸ್ಟೇಷನ್ ಹೆಸರು ಸಿಗುತ್ತದೆ. ಅಗುಸ್ತಿನ್ ಲಾರಾ, ಪೆದ್ರೊ ಇನ್ಫಾಂತೆ ಕಾಲದ ದೊಡ್ಡ ದನಿಗಳೆಲ್ಲ ಅಲ್ಲಿಂದಲೇ ಇಡೀ ಖಂಡಕ್ಕೆ ಕೇಳಿದ್ದು. ಆ ಆಸೆಯಿಂದ ಈಗ ಹಾಕಿದರೆ ಸುದ್ದಿ, ಚರ್ಚೆ ಬರುತ್ತದೆ. ಅದು ಈಗ ಮಾತಿನ ಸ್ಟೇಷನ್.

ಮೆಕ್ಸಿಕೊ ಸ್ಟೇಷನ್ ಕೇಳುತ್ತಿರುವಾಗ ನಮ್ಮ ಬೆಳಿಗ್ಗೆ ಹನ್ನೊಂದೂವರೆಗೆ ಇದ್ದಕ್ಕಿದ್ದಂತೆ ಹಾಡು ನಿಂತು ತುತ್ತೂರಿ, ಮೇಳಗಾನ ಶುರುವಾದರೆ ಗಾಬರಿ ಬೇಡ. ಅಲ್ಲಿ ಮಧ್ಯರಾತ್ರಿ. ಮಧ್ಯರಾತ್ರಿಗೆ ಮತ್ತು ಬೆಳಿಗ್ಗೆ ಆರಕ್ಕೆ ರಾಷ್ಟ್ರಗೀತೆ ಹಾಕುವುದು ಅಲ್ಲಿನ ನಿಯಮ. ಕೊಲಂಬಿಯಾದಲ್ಲಿ ಬೆಳಿಗ್ಗೆ ಆರು, ಸಂಜೆ ಆರು, ಅಂದರೆ ನಮಗೆ ಸಂಜೆ ನಾಲ್ಕೂವರೆ, ಬೆಳಗಿನ ಜಾವ ನಾಲ್ಕೂವರೆ. ಮೆಕ್ಸಿಕೊದಲ್ಲಿ ಭಾನುವಾರ ರಾತ್ರಿ ಹತ್ತಕ್ಕೆ ಸರ್ಕಾರದ ಒಂದು ಗಂಟೆಯ ಕಾರ್ಯಕ್ರಮವೂ ಇದೆ, 1937ರಿಂದ ಬಂದ ಪದ್ಧತಿ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಿಮ್ಮ ಬಾಂದಾ ಸ್ಟೇಷನ್‌ನಲ್ಲಿ ಸಂಸ್ಕೃತಿ, ಇತಿಹಾಸ ಅಂತ ಭಾಷಣ ಬಂದರೆ ಅದೇ.

ಕುಣಿಯುವವರಿಗೆ

ಸಾಲ್ಸಾ ಅಂದಕೂಡಲೇ ಕ್ಯೂಬಾ ಅನ್ನುತ್ತೇವೆ. ಬೇರು ಅಲ್ಲಿಯದು ಹೌದು, ಆದರೆ ಸಾಲ್ಸಾ ಅನ್ನೋ ಹೆಸರಿನಲ್ಲಿ ಮಾರುಕಟ್ಟೆಗೆ ಬಂದದ್ದು ನ್ಯೂಯಾರ್ಕ್‌ನ ಪೋರ್ಟೊ ರಿಕೊ ವಲಸಿಗರ ನಡುವಿನಿಂದ. ರೇಡಿಯೊದಲ್ಲೂ ಹಾಗೇ. ದಿನವಿಡೀ ಸಾಲ್ಸಾ ಬೇಕಾದರೆ ಕ್ಯೂಬಾದ ಹವಾನಾ ಬಿಟ್ಟು ಪೋರ್ಟೊ ರಿಕೊದ ಸಾನ್ ಹುವಾನ್‌ನ ಸೇತಾ 93 ಹಾಕಿ. 1980ರ ದಶಕದಿಂದ ವರ್ಷಕ್ಕೊಂದು ದಿನ ಕ್ರೀಡಾಂಗಣ ತುಂಬಿಸಿ ಸಾಲ್ಸಾ ಹಬ್ಬವನ್ನೇ ನಡೆಸುವ ಸ್ಟೇಷನ್ ಅದು. ಇನ್ನೊಂದು ಕೊಲಂಬಿಯಾದ ಮೆಡೆಯಿನ್ ನಗರದ ಲಾತಿನಾ ಸ್ಟೀರಿಯೊ, 100.9. ನನ್ನ ವೋಟು ಇದಕ್ಕೆ. ಹಿಟ್‌ಗಳ ಜೊತೆಗೆ 1960, 70ರ ದಶಕದ ಗಟ್ಟಿ ಸಾಲ್ಸಾ ಹಾಕುತ್ತದೆ. ತುತ್ತೂರಿ, ಟ್ರಂಬೋನ್ ಮುಂದೆ, ಕೋಂಗಾ ಡೋಲು ಹಿಂದೆ, ಪಿಯಾನೊ ಒಂದೇ ತುಣುಕನ್ನು ಬಿಡದೆ ಕುಟ್ಟುತ್ತಿರುತ್ತದೆ. ಕ್ಲಾಸಿನಲ್ಲಿ "ಒನ್" (ತಾಳದ ಮೊದಲ ಪೆಟ್ಟು) ಎಲ್ಲಿ ಬೀಳುತ್ತದೆ ಅಂತ ಹುಡುಕಿ ಸುಸ್ತಾದವರು ಆ ಪಿಯಾನೊವನ್ನೇ ಹಿಂಬಾಲಿಸಿ, ಡ್ರಮ್‌ಗಿಂತ ಅದು ಬೇಗ ದಾರಿ ತೋರಿಸುತ್ತದೆ.

ಬಚಾತಾ ಬೇಕಾದವರಿಗೆ ಡೊಮಿನಿಕನ್ ಗಣರಾಜ್ಯ, ಇಲ್ಲವೇ ನ್ಯೂಯಾರ್ಕ್‌ನ ಲಾ ಮೆಗಾ, 97.9. ಇವತ್ತು ಎಲ್ಲ ಕಡೆ ಹಬ್ಬಿರುವ ಬಚಾತಾವನ್ನು ಒಂದು ಕಾಲದಲ್ಲಿ ಅಲ್ಲಿನ ಮರ್ಯಾದಸ್ಥ ಸ್ಟೇಷನ್‌ಗಳು ಮುಟ್ಟುತ್ತಲೇ ಇರಲಿಲ್ಲ. ಸೇಂದಿ ಅಂಗಡಿ ಹಾಡು ಅನ್ನೋ ತಾತ್ಸಾರ. 1960ರ ದಶಕದಲ್ಲಿ ಸಾಂತೊ ದೊಮಿಂಗೊದಲ್ಲಿ ರಾದಾಮೆಸ್ ಅರಸೇನಾ ಅನ್ನುವವರು ರೇಡಿಯೊ ಗ್ವರಚೀತಾ ಶುರುಮಾಡಿ ಹಳ್ಳಿಯಿಂದ ನಗರಕ್ಕೆ ಬಂದ ಬಡವರಿಗಾಗಿ ಈ ಗಿಟಾರ್ ಹಾಡುಗಳನ್ನು ಹಾಕಿದರು. ನಗರಕ್ಕೆ ಬಂದವರು ಊರಿಗೆ ಸುದ್ದಿ ಮುಟ್ಟಿಸುತ್ತಿದ್ದದ್ದೂ ಅದೇ ಸ್ಟೇಷನ್ ಮೂಲಕ. ಅದೇ ಬಚಾತಾ 2019ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿ ಸೇರಿತು. ಲಾ ಮೆಗಾ ಹಾಕಿದರೆ ಬಚಾತಾ ಒಂದೇ ಬರುವುದಿಲ್ಲ, ರೆಗ್ಗೆಟೋನ್, ಮೆರೆಂಗೆ, ಸಾಲ್ಸಾ ಎಲ್ಲ ಕಲಸಿ ಬರುತ್ತದೆ. ಜಾಹೀರಾತು ಜಾಸ್ತಿ, ಬೆಳಗಿನ ಹರಟೆ ವಿಪರೀತ, ಭಾಷೆ ಕಲಿಯುವವರಿಗೆ ಏನೂ ಅರ್ಥವಾಗುವುದಿಲ್ಲ. ಪಾರ್ಟಿಗೆ ಮಾತ್ರ ಇದನ್ನು ಮೀರಿಸಿದ್ದು ಇಲ್ಲ.

ಕ್ಯೂಬಾ ಬೇಕೇ ಬೇಕು ಅನ್ನುವವರಿಗೆ ರೇಡಿಯೊ ಪ್ರೊಗ್ರೆಸೊ. 1929ರ ಸ್ಟೇಷನ್, ಒಂದು ಕಾಲದಲ್ಲಿ ಸೊನೋರಾ ಮತಾನ್ಸೆರಾ ತಂಡ, ಅದರ ಜೊತೆ ಗಾಯಕಿ ಸೆಲಿಯಾ ಕ್ರುಸ್ ಇಲ್ಲಿಂದ ಹಾಡುತ್ತಿದ್ದರು. ಈಗಲೂ ಹಾಡಿನ ನಡುವೆ ರೇಡಿಯೊ ನಾಟಕ ಬರುತ್ತದೆ. ಇನ್ನು ರೇಡಿಯೊ ರೆಲೋಹ್ ಅಂತ ಒಂದು ವಿಚಿತ್ರ ಇದೆ. ಇದರಲ್ಲಿ ಹಾಡೇ ಇಲ್ಲ. 1947ರಿಂದ ಇಪ್ಪತ್ತನಾಲ್ಕು ಗಂಟೆಯೂ ಹಿಂದೆ ಗಡಿಯಾರದ ಟಿಕ್ ಟಿಕ್, ಅದರ ಮೇಲೆ ಸುದ್ದಿ ಓದುತ್ತಾರೆ, ನಿಮಿಷಕ್ಕೊಮ್ಮೆ ಗಂಟೆ ಹೇಳಿ ಮೋರ್ಸ್ ಕೋಡಿನಲ್ಲಿ ಸ್ಟೇಷನ್ನಿನ ಎರಡಕ್ಷರ ಬಾರಿಸುತ್ತಾರೆ. ಹಾಡಿನ ಪಟ್ಟಿಯಲ್ಲಿ ಇದನ್ನು ಸೇರಿಸಿದ್ದಕ್ಕೆ ಬೈಯಬೇಡಿ. ಸ್ಪ್ಯಾನಿಷ್ ಅಂಕಿಗಳು, ಗಂಟೆ ಹೇಳುವ ರೀತಿ ಕಲಿಯೋಕೆ ಇಷ್ಟು ಹಠ ಹಿಡಿದು ಹೇಳಿಕೊಡುವ ಮೇಷ್ಟ್ರು ಇನ್ನೆಲ್ಲೂ ಸಿಗುವುದಿಲ್ಲ.

ಕೊಲಂಬಿಯಾ

ಒಲಿಂಪಿಕಾ ಸ್ಟೀರಿಯೊ ಬರಾಂಕಿಯಾ ಕಡೆಯ ದೊಡ್ಡ ಜಾಲ. ಅಲ್ಲಿನ ಜನಪದ ವಯೆನಾತೊ, ಸಾಲ್ಸಾ, ಈಚಿನ ಹಿಟ್, ಎಲ್ಲ ಒಂದೇ ಗಂಟೆಯಲ್ಲಿ. ವಯೆನಾತೊದಲ್ಲೂ ಅಕಾರ್ಡಿಯನ್ ಇದೆ, ಆದರೆ ಮೆಕ್ಸಿಕೊದ್ದರ ಜೊತೆ ಗೊಂದಲ ಬೇಡ. ಇದರ ಜೊತೆ ಒಂದು ಪುಟ್ಟ ಡೋಲು, ಕೆರೆದು ನುಡಿಸುವ ಗ್ವಚರಾಕಾ ಇರುತ್ತದೆ, ಲಯ ತೂಗುತ್ತದೆ, ಕುಪ್ಪಳಿಸುವುದಿಲ್ಲ. ವರ್ಷದ ಕೊನೆ ಬಂದರೆ ಅಲ್ಲಿನ ಸ್ಟೇಷನ್‌ಗಳೆಲ್ಲ ಹಳೆಯ ಕುಂಬಿಯಾ ಅನ್ನೋ ಕುಣಿತದ ಹಾಡು, ಹಬ್ಬದ ಹಾಡುಗಳ ಕಡೆ ತಿರುಗುತ್ತವೆ, ಕೊಲಂಬಿಯಾ ಕೇಳೋಕೆ ಅದೇ ಒಳ್ಳೇ ಕಾಲ. ಮಾತು ಅರ್ಥವಾಗಬೇಕು, ಹೊಸ ಸಂಗೀತವೂ ಬೇಕು ಅಂದರೆ ಬೊಗೊಟಾದ ಸರ್ಕಾರಿ ರಾದಿಯೋನಿಕಾ, 99.1. ಮೆಕ್ಸಿಕೊದ ರೆಯಾಕ್ತೋರ್, ಸ್ಪೇನ್‌ನ ರೇಡಿಯೊ ತ್ರೆಸ್, ಇದು, ಮೂರೂ ಒಂದೇ ಜಾತಿ. ಮೂರರಲ್ಲಿ ಮಾತು ಬೇಗ ಹಿಡಿಸುವುದು ಇದರದ್ದು, ಹಾಡಿನ ಹರವು ದೊಡ್ಡದು ತ್ರೆಸ್‌ನದ್ದು.

ಅರ್ಜೆಂಟೀನಾ: ಒಂದೊಂದು ಸಂಗೀತಕ್ಕೂ ಒಂದೊಂದು ಮನೆ

ಆರಿಸೋಕೆ ಎಲ್ಲಕ್ಕಿಂತ ಸುಲಭದ ದೇಶ ಇದು. 1920ರ ಆಗಸ್ಟ್ 27ರ ರಾತ್ರಿ ಬ್ಯೂನಸ್ ಐರಿಸ್‌ನ ಒಂದು ನಾಟಕ ಮಂದಿರದ ಮಾಳಿಗೆಯ ಮೇಲೆ ನಾಲ್ಕು ಜನ ಹುಡುಗರು ಸಲಕರಣೆ ಕಟ್ಟಿ, ಕೆಳಗೆ ನಡೆಯುತ್ತಿದ್ದ ಒಪೇರಾವನ್ನು ಊರಿಗೆ ಕೇಳಿಸಿದರು. ಜಗತ್ತಿನ ತೀರಾ ಮೊದಮೊದಲ ರೇಡಿಯೊ ಪ್ರಸಾರಗಳಲ್ಲಿ ಅದೂ ಒಂದು. ಅಲ್ಲಿಯವರು ಅವರನ್ನು ಇವತ್ತಿಗೂ "ಮಾಳಿಗೆಯ ಹುಚ್ಚರು" ಅಂತಲೇ ಪ್ರೀತಿಯಿಂದ ಕರೆಯುತ್ತಾರೆ.

ಟ್ಯಾಂಗೊ ಬೇಕೇ? ಲಾ ದೋಸ್ ಪೋರ್ ಕ್ವಾತ್ರೊ, 92.7, ನಗರಸಭೆಯದ್ದೇ ಸ್ಟೇಷನ್. 1930, 40ರ ದಶಕದ ದೊಡ್ಡ ವಾದ್ಯಮೇಳಗಳು ಇಲ್ಲಿ ಮಾಮೂಲು. ಆ ಕಾಲದಲ್ಲಿ ದಾರಿಯೆನ್ಸೊ, ತ್ರೋಯ್ಲೊ ಅವರ ಮೇಳಗಳು ರೇಡಿಯೊದಲ್ಲಿ ನೇರವಾಗಿ ನುಡಿಸುತ್ತಿದ್ದವು, ಜನ ಮನೆಯಲ್ಲೇ ಕುಣಿಯುತ್ತಿದ್ದರು. ಹೊಸದಾಗಿ ಕೇಳುವವರಿಗೆ ಮೊದಲ ಅರ್ಧ ಗಂಟೆ ಎಲ್ಲವೂ ಒಂದೇ ತರಹ ಅನ್ನಿಸಬಹುದು. ಸ್ವಲ್ಪ ತಾಳ್ಮೆ ಇರಲಿ, ಮೇಳದಿಂದ ಮೇಳಕ್ಕೆ ಹೆಜ್ಜೆಯ ತೂಕ ಬದಲಾಗುವುದು ಆಮೇಲೆ ಕೇಳಿಸುತ್ತದೆ. ನಮ್ಮ ಬೆಳಗಿನ ಕೆಲಸದ ಹೊತ್ತಿಗೆ ಅಲ್ಲಿ ತಡರಾತ್ರಿ, ಟ್ಯಾಂಗೊಗೆ ಹೇಳಿ ಮಾಡಿಸಿದ ಹೊತ್ತು.

ಜನಪದಕ್ಕೆ ಸರ್ಕಾರಿ ನಾಸಿಯೊನಾಲ್ ಫೋಲ್ಕ್‌ಲೋರಿಕಾ, 98.7. ಇಡೀ ಪಟ್ಟಿಯಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ, ಯಾರಿಗೂ ಗೊತ್ತಿಲ್ಲದಿರುವುದೂ ಇದೇ. ಬೊಂಬೊ ಅನ್ನೋ ಮರದ ಡೋಲು, ಗಿಟಾರ್, ಚಕರೇರಾ ಅನ್ನೋ ಕುಣಿತದ ಹಾಡು, ನಿಧಾನದ ಸಂಬಾ (ಬ್ರೆಜಿಲ್‌ನ ಸಾಂಬಾ ಅಲ್ಲ), ಈಶಾನ್ಯದ ಅಕಾರ್ಡಿಯನ್ ಚಮಾಮೆ. ನಿರೂಪಕರು ಅವಸರವಿಲ್ಲದೆ ಮಾತಾಡುತ್ತಾರೆ, ಯಾವ ಪ್ರಾಂತ್ಯ, ಯಾವ ಹಾಡುಗಾರ ಅಂತ ಹೇಳಿಯೇ ಮುಂದೆ ಹೋಗುತ್ತಾರೆ. ಕೂತು ಕೆಲಸ ಮಾಡುವವರಿಗೆ ಇದಕ್ಕಿಂತ ಹಿತವಾದದ್ದು ನಾನು ಕೇಳಿಲ್ಲ.

ರಾಕ್ ಬೇಕಾದರೆ ಮೆಗಾ, 98.3. 2000ದಲ್ಲಿ ಶುರುವಾದಾಗಿನಿಂದ ಅರ್ಜೆಂಟೀನಾದ ರಾಕ್‌ಗೇ ಮೀಸಲು. ಅಷ್ಟು ಹಾಡು ಎಲ್ಲಿಂದ ಬಂತು ಅನ್ನೋದಕ್ಕೆ ಒಂದು ಹಿನ್ನೆಲೆ ಇದೆ. 1982ರಲ್ಲಿ ಮಾಲ್ವಿನಾಸ್ (ಫಾಕ್ಲೆಂಡ್) ದ್ವೀಪಗಳಿಗಾಗಿ ಬ್ರಿಟನ್ ಜೊತೆ ಯುದ್ಧ ನಡೆದಾಗ ರೇಡಿಯೊದಲ್ಲಿ ಇಂಗ್ಲಿಷ್ ಹಾಡು ನಿಂತುಹೋಯಿತು. ಖಾಲಿಯಾದ ಹೊತ್ತನ್ನು ತುಂಬಿಸಲು, ಅಲ್ಲಿಯವರೆಗೆ ಸರ್ವಾಧಿಕಾರಿಗಳು ಅನುಮಾನದಿಂದ ನೋಡುತ್ತಿದ್ದ ದೇಸಿ ರಾಕ್ ಬ್ಯಾಂಡುಗಳನ್ನೇ ಕರೆಯಬೇಕಾಯಿತು. ಹೆಸರು ಒಂದೇ ಆದರೂ ನ್ಯೂಯಾರ್ಕ್‌ನ ಮೆಗಾಗೂ ಇದಕ್ಕೂ ಸಂಬಂಧವಿಲ್ಲ.

ಪಕ್ಕದ ಚಿಲಿಯ ಬಗ್ಗೆ ಒಂದೇ ಮಾತು. ಅಲ್ಲಿ ರೇಡಿಯೊ ಹಾಡುಗಳಲ್ಲಿ ನೂರಕ್ಕೆ 20 ಭಾಗ ದೇಸಿ ಇರಬೇಕು ಅಂತ 2015ರಿಂದ ಕಾನೂನೇ ಇದೆ. ಪಾಪ್ ಸ್ಟೇಷನ್ ಹಾಕಿದರೂ ಅಷ್ಟು ಸಿಕ್ಕೇ ಸಿಗುತ್ತದೆ.

ಖರ್ಚು ಎಷ್ಟು

ಸ್ಟೇಷನ್‌ಗಳೆಲ್ಲ ಪುಕ್ಕಟೆ, ಡೇಟಾ ಒಂದೇ ಖರ್ಚು. 128 ಕೆಬಿಪಿಎಸ್ ಪ್ರಸಾರ ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ. ದಿನಕ್ಕೆ ಎರಡು ಗಂಟೆ ಕೇಳಿದರೆ ತಿಂಗಳಿಗೆ ಸುಮಾರು ಮೂರೂವರೆ ಜಿಬಿ. 64 ಕೆಬಿಪಿಎಸ್ ಸಿಕ್ಕಿದರೆ ಅದರ ಅರ್ಧ, ಮಾತಿನ ಸ್ಟೇಷನ್ನಿಗೆ ಅಷ್ಟು ಸಾಕು, ಫ್ಲಮೆಂಕೊ ಗಿಟಾರಿಗೆ ಸಾಲದು. ವೈಫೈ ರೇಡಿಯೊ ಪೆಟ್ಟಿಗೆ ನೋಡೋಕೆ ಚೆಂದ, ಆದರೆ ಅಷ್ಟು ದುಡ್ಡು ಸುರಿಯಬೇಕಾಗಿಲ್ಲ, ಮನೆಯಲ್ಲಿ ಬಿದ್ದಿರುವ ಹಳೇ ಫೋನಿಗೆ ಒಂದು ಬ್ಲೂಟೂತ್ ಸ್ಪೀಕರ್ ಸೇರಿಸಿದರೆ ಆಯ್ತು. ಆ್ಯಪ್‌ಗಳಲ್ಲಿ ರೇಡಿಯೊ ಗಾರ್ಡನ್ ಒಳ್ಳೆಯದು. ಭೂಗೋಳ ತಿರುಗಿಸಿ ಊರಿನ ಮೇಲೆ ಬೆರಳಿಟ್ಟರೆ ಆ ಊರಿನ ಸ್ಟೇಷನ್‌ಗಳೆಲ್ಲ ಬರುತ್ತವೆ, ಸ್ಪ್ಯಾನಿಷ್ ಹೆಸರಿನ ಕಾಗುಣಿತ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಶಾರ್ಟ್‌ವೇವ್ ಹುಚ್ಚು ಉಳಿದಿರುವವರಿಗೆ ಸ್ಪೇನ್‌ನ ವಿದೇಶ ಪ್ರಸಾರ ಇದೆ. 2014ರಲ್ಲಿ ಅದನ್ನು ನಿಲ್ಲಿಸಿದ್ದರು, ದೂರದ ಸಮುದ್ರದಲ್ಲಿರುವ ಮೀನುಗಾರರಿಗೆ ಬೇರೆ ದಾರಿ ಇಲ್ಲ ಅಂತ ಗಲಾಟೆಯಾಗಿ ಅದೇ ವರ್ಷ ಸ್ವಲ್ಪ ಹೊತ್ತಿಗಾದರೂ ಮತ್ತೆ ಶುರುಮಾಡಿದರು.

ಕೊನೆಗೆ ಯಾವುದು

ಕಲಿಯುವವರು ಮೊದಲ ಕೆಲವು ತಿಂಗಳು ಕದೇನಾ ದಿಯಾಲ್, ಸಂಜೆ ಹೊತ್ತು. ಹಾಡಿನ ಸಾಲು ಸುಮಾರಾಗಿ ಹಿಡಿಯತೊಡಗಿದ ಮೇಲೆ ರಾದಿಯೋನಿಕಾ, ನಂತರ ರೇಡಿಯೊ ತ್ರೆಸ್. ಲೋಸ್ ಕ್ವರೆಂತಾದಿಂದ ಶುರುಮಾಡಬೇಡಿ, ನಿರಾಸೆ ಆಗುತ್ತದೆ. ಕುಣಿಯುವವರಿಗೆ ಬೆಳಿಗ್ಗೆ ಲಾತಿನಾ ಸ್ಟೀರಿಯೊ, ಬಚಾತಾದವರಿಗೆ ಲಾ ಮೆಗಾ ತೆರೆದರೆ ಅದು, ತೆರೆಯದಿದ್ದರೆ ಸಾಂತೊ ದೊಮಿಂಗೊ ಮೇಲೆ ಬೆರಳಿಡಿ. ಕೆಲಸದ ಜೊತೆಗೆ ಒಂದೇ ಒಂದು ಸ್ಟೇಷನ್ ಬೇಕು ಅನ್ನುವವರಿಗೆ ಫೋಲ್ಕ್‌ಲೋರಿಕಾ.

ಅಮೆರಿಕದಲ್ಲಿ ಕಾರಿನಲ್ಲಿ ಕೇಳುವವರಿಗೆ ಊರಿನ ಮೇಲೆ ಹೋಗುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಪ್ರೇಮಗೀತೆಗೆ 107.5, ಬಾಂದಾಗೆ 97.9ರ ಲಾ ರಾಸಾ. ಈ ಲಾ ರಾಸಾ 1992ರಲ್ಲಿ ಬಾಂದಾ ಹಾಕಿ ಇಂಗ್ಲಿಷ್ ಸ್ಟೇಷನ್‌ಗಳನ್ನೆಲ್ಲ ಹಿಂದೆ ಹಾಕಿ ಊರಿಗೇ ಒಂದನೇ ಸ್ಥಾನಕ್ಕೆ ಏರಿದಾಗ ರೇಡಿಯೊ ಉದ್ಯಮದವರು ಲೆಕ್ಕವೇ ತಪ್ಪಿರಬೇಕು ಅಂತ ತಲೆ ಕೆರೆದುಕೊಂಡಿದ್ದರು. ಹ್ಯೂಸ್ಟನ್‌ನಲ್ಲಿ ರೆಗ್ಗೆಟೋನ್ ಬೇಕಾದರೆ 101.1. ದಶಕಗಳ ಕಾಲ ಇಂಗ್ಲಿಷ್ ರಾಕ್ ಹಾಕುತ್ತಿದ್ದ ಆ ಸ್ಟೇಷನ್ 2004ರಲ್ಲಿ ಸ್ಪ್ಯಾನಿಷ್‌ಗೆ ತಿರುಗಿತು. ಮಧ್ಯ ಕ್ಯಾಲಿಫೋರ್ನಿಯಾದ ಹೈವೇ ಹಿಡಿದವರು ಮಾತ್ರ ಇದನ್ನೆಲ್ಲ ಬಿಟ್ಟು ಫ್ರೆಸ್ನೊದ ರೇಡಿಯೊ ಬಿಲಿಂಗ್ವೆ ಹುಡುಕಿ. ಹೊಲದಲ್ಲಿ ದುಡಿಯುವ ವಲಸೆಗಾರರಿಗಾಗಿ ಊಗೊ ಮೊರಾಲೆಸ್ ಕಟ್ಟಿದ ಲಾಭರಹಿತ ಸ್ಟೇಷನ್, 1980ರಿಂದ ಪ್ರಸಾರದಲ್ಲಿದೆ. ಅವರೂ ಮೆಕ್ಸಿಕೊದ ಒಹಾಕಾದಿಂದ ಬಂದ, ಮಿಷ್ತೆಕ್ ಅನ್ನೋ ಮೂಲನಿವಾಸಿ ಸಮುದಾಯದ ಕುಟುಂಬದವರೇ, ಹಾರ್ವರ್ಡ್‌ನಲ್ಲಿ ಓದಿ ಫ್ರೆಸ್ನೊಗೆ ಮರಳಿದವರು. ಮರಿಯಾಚಿ, ನೊರ್ತೆನ್ಯೊ, ಟೆಕ್ಸಸ್‌ನ ಅಕಾರ್ಡಿಯನ್ ಸಂಗೀತ ಕೊನ್ಹುಂತೊ ಎಲ್ಲ ಇದೆ, ಜಾಹೀರಾತಿನ ಕಾಟ ಇಲ್ಲ, ಭಾನುವಾರ ಮಿಷ್ತೆಕ್ ಭಾಷೆಯಲ್ಲೇ ಒಂದು ಕಾರ್ಯಕ್ರಮ ಬರುತ್ತದೆ. ಅದರ ಪ್ರಸಾರ ಇಂಟರ್ನೆಟ್‌ನಲ್ಲೂ ಇದೆ.